ಹೆಸರಿನಿಂದ ಸ್ಥಾನಕ್ಕೆ: ಒಂದು ಟೈಪ್ ಚೆಕರ್‌ನ ದುರಸ್ತಿ ದಾಖಲೆ

ಓಕ್ಯಾಮಲ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ನಾನು ಬರೆಯುತ್ತಿರುವ ಟೈಪ್ ಚೆಕರ್, ಅಂದರೆ ಪ್ರತಿ ಉಕ್ತಿಯೂ ಅದಕ್ಕೆ ಹೇಳಿದ ಟೈಪಿಗೆ ಸೇರಿದೆಯೇ ಎಂದು ಪರೀಕ್ಷಿಸುವ ಪ್ರೋಗ್ರಾಮು, ಚಿಕ್ಕದು. ಅವಲಂಬಿತ ಫಂಕ್ಷನ್ ಟೈಪ್ (ಇದರಲ್ಲಿ ಉತ್ತರದ ಟೈಪ್ ಕೊಟ್ಟ ಬೆಲೆಗೆ ತಕ್ಕಂತೆ ಬದಲಾಗಬಲ್ಲದು; ಮುಂದೆ ಇದನ್ನು ‘ಪೈ’ ಎಂದು ಬರೆದಿದ್ದೇನೆ), ಸದಸ್ಯರೇ ಇಲ್ಲದ ‘ಶೂನ್ಯ’ ಎಂಬ ಟೈಪ್, ಒಂದೇ ಸದಸ್ಯವಿರುವ ‘ಏಕ’ ಎಂಬ ಟೈಪ್, ಟೈಪ್‌ಗಳ ಒಂದು ಶ್ರೇಣಿ, ಇಷ್ಟೇ ಅದರಲ್ಲಿರುವುದು. ಚರಗಳ ಹೆಸರನ್ನು ಕನ್ನಡ ಲಿಪಿಯಲ್ಲಿಯೇ ಬರೆಯುವಂತಿರಬೇಕೆಂಬುದು ಮೊದಲಿನಿಂದಲೂ ನನ್ನ ಅಪೇಕ್ಷೆಯಾಗಿತ್ತು. ಟೈಪ್ ನಿಯಮಗಳು ಬಹುಬೇಗ ಪ್ರೋಗ್ರಾಮಿಗೆ ಇಳಿದವು. ಆದರೆ ಚರವನ್ನು ಕಂಪ್ಯೂಟರಿನೊಳಗೆ ಯಾವ ರೂಪದಲ್ಲಿ ಇಡಬೇಕು ಎಂಬ ಒಂದೇ ಪ್ರಶ್ನೆಗೆ ಕೊಟ್ಟ ಉತ್ತರವನ್ನು ಮತ್ತೆ ಮತ್ತೆ ಬದಲಿಸಬೇಕಾಯಿತು. ಯಾವ ದೋಷ ಯಾವ ಬದಲಾವಣೆಗೆ ಕಾರಣವಾಯಿತು ಎಂಬುದನ್ನು ಇಂಥದೇ ಕೆಲಸಕ್ಕೆ ಕೈಹಾಕುವವರಿಗೆ ಉಪಯೋಗವಾಗಲೆಂದು ಇಲ್ಲಿ ಕ್ರಮವಾಗಿ ಬರೆದಿಡುತ್ತಿದ್ದೇನೆ.

ಹೆಸರನ್ನೇ ನಂಬಿದ ಮೊದಲ ರೂಪ

ಮೊದಲ ರೂಪದಲ್ಲಿ ಚರವೆಂದರೆ ಒಂದು ಸ್ಟ್ರಿಂಗ್, ಅಂದರೆ ಅಕ್ಷರಗಳ ಸಾಲು, ಮಾತ್ರ. ಶಾಲೆಯ ಬೀಜಗಣಿತದಲ್ಲಿ ‘ಈ ಬೆಲೆಯನ್ನು ಆದೇಶಿಸಿದಾಗ’ ಎಂದು ಬರೆಯುತ್ತೇವಲ್ಲ, ಅದೇ ಆದೇಶವೇ ಇಲ್ಲಿಯೂ ಎಲ್ಲ ಲೆಕ್ಕದ ಮೂಲ. ಫಂಕ್ಷನ್ ಒಂದನ್ನು ಯಾವುದೋ ಉಕ್ತಿಗೆ ಅನ್ವಯಿಸಿದರೆ, ಫಂಕ್ಷನ್ನಿನ ಒಡಲಿನಲ್ಲಿ ಅದರ ಚರ ಕಂಡಲ್ಲೆಲ್ಲ ಆ ಉಕ್ತಿಯನ್ನು ಇಡಬೇಕು. ನಾನು ಬರೆದ ಆದೇಶದ ಫಂಕ್ಷನ್ ಒಡಲನ್ನು ಹುಡುಕುತ್ತಿತ್ತು, ಹೆಸರು ಹೊಂದಿದಲ್ಲಿ ಬದಲಿಸುತ್ತಿತ್ತು, ಅದೇ ಹೆಸರಿನ ಒಳ ಬಂಧಕ (ಚರವೊಂದನ್ನು ಹೆಸರಿಸಿ ತನ್ನ ಒಡಲಿಗೆ ಕಟ್ಟುವ ಭಾಗ) ಎದುರಾದರೆ ಅಲ್ಲಿಗೆ ನಿಲ್ಲುತ್ತಿತ್ತು. ಅದಕ್ಕಿಂತ ಹೆಚ್ಚಿನದು ಬೇಕಿಲ್ಲವೆಂದು ಆಗ ಭಾವಿಸಿದ್ದೆ.

ದೋಷ ಕಂಡದ್ದು ಈ ವ್ಯಾಖ್ಯೆಯಲ್ಲಿ:

ಸ್ಥಿರ = ಲ್ಯಾಂಬ್ಡಾ ಕ. ಲ್ಯಾಂಬ್ಡಾ ಖ. ಕ

‘ಲ್ಯಾಂಬ್ಡಾ ಕ.’ ಎಂದರೆ ಕ ಎಂಬುದನ್ನು ಪಡೆದು ಚುಕ್ಕೆಯ ಮುಂದಿನದನ್ನು ಹಿಂತಿರುಗಿಸುವ ಫಂಕ್ಷನ್. ಇದು ಎರಡು ಟೈಪ್‌ಗಳನ್ನು ಪಡೆದು ಮೊದಲನೆಯದನ್ನು ಹಿಂತಿರುಗಿಸುತ್ತದೆ. ಇದನ್ನು ಹೊರಗಿನ ‘ಖ’ ಎಂಬ ಬೇರೊಂದು ಚರಕ್ಕೆ ಅನ್ವಯಿಸಿದಾಗ ನನ್ನ ಪ್ರೋಗ್ರಾಮು ‘ಕ’ ಇದ್ದಲ್ಲಿ ‘ಖ’ ಇಟ್ಟು ‘ಲ್ಯಾಂಬ್ಡಾ ಖ. ಖ’ ಎಂದು ಉತ್ತರಿಸಿತು. ಹೊರಗಿನಿಂದ ಬಂದ ಖ ಒಳಗಿನ ಬಂಧಕದ ಕೈಗೆ ಸಿಕ್ಕಿಬಿದ್ದಿತು, ಮೊದಲನೆಯದನ್ನು ಕೊಡಬೇಕಾದ ಫಂಕ್ಷನ್ ಎರಡನೆಯದನ್ನು ಕೊಡುವಂತಾಯಿತು. ಸಾಮಾನ್ಯ ಪ್ರೋಗ್ರಾಮಿಂಗ್ ಭಾಷೆಯೊಂದರಲ್ಲಿ ಇದರಿಂದ ತಪ್ಪು ಉತ್ತರ ಬರುತ್ತದೆ, ಅಷ್ಟೇ. ಟೈಪ್ ಥಿಯರಿಯಲ್ಲಿ ಟೈಪ್‌ಗಳೇ ಪ್ರಮೇಯಗಳೂ ಅವುಗಳ ಸದಸ್ಯರೇ ಸಾಧನೆಗಳೂ ಆದುದರಿಂದ ಹಾನಿ ಬಹಳ ದೊಡ್ಡದು. ನಾನು ಬರೆದ ಪರೀಕ್ಷೆಯ ಕಡತದಲ್ಲಿ ಹೀಗಿತ್ತು:

ಸೇತುವೆ : ಪೈ (ಖ : ಟೈಪ್). ಪೈ (ಗ : ಟೈಪ್). ಗ → ಸ್ಥಿರ ಖ ಗ
ಸೇತುವೆ = ಲ್ಯಾಂಬ್ಡಾ ಖ. ಲ್ಯಾಂಬ್ಡಾ ಗ. ಲ್ಯಾಂಬ್ಡಾ ಮ. ಮ

ಇಲ್ಲಿ ‘ಸ್ಥಿರ ಖ ಗ’ ಎಂಬುದು ಖ ಆಗಬೇಕು, ಹಾಗಾಗಿ ಗ ಟೈಪಿನ ಮ ಅಲ್ಲಿ ಸಲ್ಲಬಾರದು. ಆದರೆ ಮೇಲಿನ ದೋಷದಿಂದ ಅದು ಗ ಆಗಿಬಿಟ್ಟು, ಚೆಕರ್ ಈ ವ್ಯಾಖ್ಯೆಯನ್ನು ಒಪ್ಪಿಕೊಂಡಿತು. ಆಮೇಲೆ ಸೇತುವೆಯನ್ನು ಖ ಇರುವಲ್ಲಿ ‘ಶೂನ್ಯ’ಕ್ಕೂ ಗ ಇರುವಲ್ಲಿ ‘ಏಕ’ಕ್ಕೂ ಅನ್ವಯಿಸಿದರೆ, ಶೂನ್ಯ ಮತ್ತು ಏಕ ಎರಡರಲ್ಲಿಯೂ ಮುಕ್ತ ಚರಗಳು, ಅಂದರೆ ಒಳಗಿನ ಯಾವ ಬಂಧಕವೂ ಕಟ್ಟದ ಚರಗಳು, ಇಲ್ಲದ ಕಾರಣ ಆದೇಶ ಸರಿಯಾಗಿಯೇ ನಡೆದು, ‘ಏಕ → ಶೂನ್ಯ’ ಎಂಬ ಟೈಪಿನ ಫಂಕ್ಷನ್ ಕೈಗೆ ಬರುತ್ತದೆ. ಏಕದ ಸದಸ್ಯವನ್ನು ಅದಕ್ಕೆ ಕೊಟ್ಟರೆ ಶೂನ್ಯಕ್ಕೆ ಒಂದು ಸದಸ್ಯ ದೊರೆಯುತ್ತದೆ. ಶೂನ್ಯವೆಂದರೆ ಸಾಧನೆಯೇ ಇರಬಾರದ ಪ್ರಮೇಯ, ಅಂದರೆ ಸುಳ್ಳು. ಆ ಸುಳ್ಳಿಗೆ ಸಾಧನೆ ಸಿಕ್ಕಿತು, ಚೆಕರ್ ಕೊಟ್ಟ ಯಾವ ಒಪ್ಪಿಗೆಗೂ ಅರ್ಥವಿಲ್ಲದಾಯಿತು. ಟೈಪ್‌ಗಳ ಟೈಪ್ ತನಗೆ ತಾನೇ ಸದಸ್ಯವಾಗಿದ್ದರೂ ಸುಳ್ಳನ್ನು ಸಾಧಿಸಬಹುದೆಂದು ಜೀನ್-ಈವ್ ಗಿರಾರ್ 1972ರಲ್ಲಿ ತೋರಿಸಿದ್ದಾರೆ. ನನ್ನಲ್ಲಿ ಟೈಪ್‌ಗಳ ಟೈಪ್ ತನಗಿಂತ ಮೇಲಿನ ಹಂತಕ್ಕೆ ಸೇರುವ ಶ್ರೇಣಿ ಇದ್ದುದರಿಂದ ದೋಷ ಆ ಕಡೆಯದಲ್ಲ, ಆದೇಶದ್ದೇ ಎಂಬುದು ಖಚಿತವಾಗಿತ್ತು.

ಹೆಸರು ಬದಲಿಸಿ ಮಾಡಿದ ತೇಪೆ

ಇದಕ್ಕೆ ಪರಿಹಾರ ಹಳೆಯದು. ಅಲೊಂಝೊ ಚರ್ಚ್ 1930ರ ದಶಕದಲ್ಲಿ ಫಂಕ್ಷನ್‌ಗಳ ಲೆಕ್ಕವಾದ ಲ್ಯಾಂಬ್ಡಾ ಕಲನವನ್ನು ರೂಪಿಸಿದಾಗಲೇ ಬದ್ಧ ಚರದ, ಅಂದರೆ ಬಂಧಕ ಕಟ್ಟಿದ ಚರದ, ಹೆಸರನ್ನು ಬದಲಿಸುವ ನಿಯಮವನ್ನು ಅದರ ಮೂಲ ನಿಯಮಗಳಲ್ಲಿ ಒಂದಾಗಿ ಇಟ್ಟಿದ್ದರು. ಒಳಗಿನ ಖ ಅನ್ನು ಮೊದಲು ಯಾರೂ ಬಳಸದ ಖ1 ಎಂದು ಬದಲಿಸಿ ಆಮೇಲೆ ಆದೇಶಿಸಿದರೆ ಸೆರೆ ಸಿಕ್ಕುವ ಭಯವಿಲ್ಲ. ಹಾಗೆ ಮಾಡಲು ಪ್ರತಿ ಬಂಧಕದ ಬಳಿಯೂ ಬರುತ್ತಿರುವ ಉಕ್ತಿಯ ಮುಕ್ತ ಚರಗಳನ್ನೆಲ್ಲ ಲೆಕ್ಕ ಹಾಕಬೇಕು. ಅದನ್ನು ತಪ್ಪಿಸಲು ಒಂದು ಅಡ್ಡದಾರಿ ಹಿಡಿದೆ: ಕಡತವನ್ನು ಓದುವಾಗಲೇ ಎಲ್ಲ ಬಂಧಕಗಳಿಗೂ ಬೇರೆ ಬೇರೆ ಹೆಸರು ಕೊಟ್ಟುಬಿಡುವುದು. ಕಾಗದದ ಮೇಲೆ ಲೆಕ್ಕ ಮಾಡುವವರು ಬದ್ಧ ಚರಗಳೆಲ್ಲ ಬೇರೆ ಬೇರೆ ಇವೆಯೆಂದು ಊಹಿಸಿಕೊಳ್ಳುವ ರೂಢಿಗೆ ಬಾರೆಂಡ್ರೆಕ್ಟ್ ಅವರ ಹೆಸರೇ ಇದೆ. ಓದುವಾಗ ಒಮ್ಮೆ ಆ ಸ್ಥಿತಿಗೆ ತಂದರೆ ಮುಂದೆಯೂ ಹಾಗೆಯೇ ಉಳಿಯುತ್ತದೆಂದು ನಾನು ನಂಬಿದ್ದು ತಪ್ಪಾಗಿತ್ತು. ಈ ಉಕ್ತಿಯನ್ನು ನೋಡಿ:

(ಲ್ಯಾಂಬ್ಡಾ ಕ. ಕ ಕ) (ಲ್ಯಾಂಬ್ಡಾ ಖ. ಲ್ಯಾಂಬ್ಡಾ ಗ. ಖ ಗ)

ಇಲ್ಲಿ ಮೂರೂ ಹೆಸರುಗಳು ಬೇರೆ ಬೇರೆ. ಮೊದಲ ಹೆಜ್ಜೆಯಲ್ಲಿ ಬಲಗಡೆಯ ಉಕ್ತಿ ಎರಡು ಪ್ರತಿಗಳಾಗುತ್ತದೆ, ಅದರೊಡನೆ ಹೆಸರುಗಳೂ ಇಮ್ಮಡಿಯಾಗುತ್ತವೆ. ಎರಡನೆಯ ಹೆಜ್ಜೆಯಲ್ಲಿ ‘ಲ್ಯಾಂಬ್ಡಾ ಗ. (ಲ್ಯಾಂಬ್ಡಾ ಖ. ಲ್ಯಾಂಬ್ಡಾ ಗ. ಖ ಗ) ಗ’ ಬರುತ್ತದೆ. ಮೂರನೆಯದರಲ್ಲಿ ಹೊರಗಿನ ಗ ಒಳಗಿನ ಗ ಬಂಧಕಕ್ಕೆ ಸೆರೆ ಸಿಕ್ಕುತ್ತದೆ. ಪ್ರತಿ ಮಾಡುವ ಯಾವ ಲೆಕ್ಕವೂ ಹೆಸರುಗಳ ಅನನ್ಯತೆಯನ್ನು ಉಳಿಸುವುದಿಲ್ಲ. ಕಾಗದದ ಮೇಲೆ ಬರೆಯುವವರು ಬೇಕೆನಿಸಿದಾಗ ಹೆಸರು ಬದಲಿಸಿಕೊಳ್ಳುವುದರಿಂದ ಆ ರೂಢಿ ಅವರಿಗೆ ಹೊಂದುತ್ತದೆ. ಪ್ರೋಗ್ರಾಮಿಗೆ ಆ ವಿವೇಕವನ್ನು ಪ್ರತಿ ಹೆಜ್ಜೆಯಲ್ಲಿಯೂ ನಾವೇ ಬರೆದುಕೊಡಬೇಕು.

ಕೊನೆಗೆ ಮುಕ್ತ ಚರಗಳನ್ನು ಲೆಕ್ಕ ಹಾಕುವ ಪೂರ್ಣ ವಿಧಾನವನ್ನೇ ಬರೆದೆ. ಸೇತುವೆಯ ಸುಳ್ಳು ಸಾಧನೆ ನಿಂತಿತು. ಆದರೆ ದೋಷಸೂಚನೆಗಳಲ್ಲಿ ಖ17, ಗ42 ಎಂಬಂಥ ಹೆಸರುಗಳು ತುಂಬಿ, ನಾನೇ ಬರೆದ ಉಕ್ತಿಯನ್ನು ನಾನೇ ಗುರುತಿಸಲಾರದಂತಾಯಿತು. ಎರಡು ಟೈಪ್‌ಗಳು ಸಮವೇ ಎಂದು ನೋಡಲು ಹೆಸರುಗಳ ಜೋಡಿಪಟ್ಟಿಯೊಂದನ್ನು ಜೊತೆಗೆ ಹೊತ್ತು ಸಾಗಬೇಕಿತ್ತು. ಇದು ತೇಪೆಯೇ ಹೊರತು ದುರಸ್ತಿಯಲ್ಲವೆಂದು ಅನ್ನಿಸಿದ್ದರಿಂದ ಹೆಸರನ್ನು ಬುಡದಿಂದಲೇ ತೆಗೆಯಲು ನಿರ್ಧರಿಸಿದೆ.

ಹೆಸರಿಲ್ಲದ ಚರ

ನಿಕೊಲಾಸ್ ದ ಬ್ರೌನ್ ಅವರು ನೆದರ್ಲೆಂಡ್ಸಿನ ಐಂಡ್ಹೋವನ್ ತಾಂತ್ರಿಕ ವಿಶ್ವವಿದ್ಯಾಲಯದಲ್ಲಿ 1967ರಲ್ಲಿ ಆಟೊಮ್ಯಾಥ್ ಯೋಜನೆಯನ್ನು ಆರಂಭಿಸಿದರು. ಗಣಿತದ ಸಾಧನೆಗಳನ್ನು ಕಂಪ್ಯೂಟರಿನಿಂದ ಪರಿಶೀಲಿಸುವುದು ಅದರ ಗುರಿ. ಯಂತ್ರಕ್ಕೆ ಬದ್ಧ ಚರದ ಹೆಸರು ಅನಗತ್ಯ ತೊಡಕೆಂಬುದನ್ನು ಅವರು 1972ರ ಪ್ರಬಂಧದಲ್ಲಿ ವಿವರಿಸಿ, ಹೆಸರಿಗೆ ಬದಲಾಗಿ ಎಣಿಕೆಯನ್ನು ಇಟ್ಟರು. ಚರ ಕಾಣಿಸಿದ ಸ್ಥಳದಿಂದ ಹೊರಮುಖವಾಗಿ ಎಷ್ಟು ಬಂಧಕಗಳನ್ನು ದಾಟಿದರೆ ಅದನ್ನು ಕಟ್ಟಿರುವ ಬಂಧಕ ಸಿಗುತ್ತದೆಯೋ ಆ ಸಂಖ್ಯೆಯೇ ಚರ. ಆ ಸಂಖ್ಯೆಗೆ ಇಂಡೆಕ್ಸ್ ಎಂದು ಹೆಸರು. ಸೊನ್ನೆಯಿಂದ ಎಣಿಸಿದರೆ ‘ಲ್ಯಾಂಬ್ಡಾ ಕ. ಲ್ಯಾಂಬ್ಡಾ ಖ. ಕ’ ಎಂಬುದು ‘ಲ್ಯಾಂಬ್ಡಾ. ಲ್ಯಾಂಬ್ಡಾ. 1’ ಆಗುತ್ತದೆ. ಹೆಸರು ಮಾತ್ರ ಬೇರೆಯಿರುವ ಎರಡು ಉಕ್ತಿಗಳು ಈಗ ಅಕ್ಷರಶಃ ಒಂದೇ.

ಹೆಸರಿಲ್ಲದೆ ರಚನೆಯಿಂದಲೇ ತನ್ನ ಒಡೆಯನನ್ನು ಸೂಚಿಸುವ ಪದ ಕನ್ನಡಿಗರಿಗೆ ಹೊಸದಲ್ಲ. ‘ರಮೇಶನು ಸುರೇಶನಿಗೆ ತಾನು ಗೆದ್ದೆನೆಂದು ಹೇಳಿದನು’ ಎಂಬ ವಾಕ್ಯದಲ್ಲಿ ‘ತಾನು’ ಎಂಬುದು ರಮೇಶನನ್ನೇ ಸೂಚಿಸುತ್ತದೆ. ಹತ್ತಿರವೇ ಇರುವ ಸುರೇಶನಿಗೆ ಅದು ಅಂಟಿಕೊಳ್ಳುವುದಿಲ್ಲ, ಏಕೆಂದರೆ ಅದು ಹುಡುಕುವುದು ಹೊರ ವಾಕ್ಯದ ಕರ್ತೃವನ್ನು. ಕರ್ತೃವಿನ ಹೆಸರನ್ನು ಬದಲಿಸಿದರೂ ‘ತಾನು’ ಬದಲಾಗಬೇಕಿಲ್ಲ. ಇಂಡೆಕ್ಸ್ ಮಾಡುವುದೂ ಇದೇ ಕೆಲಸ. ಎಷ್ಟು ಹಂತ ಮೇಲಿನ ಒಡೆಯ ಎಂಬುದನ್ನು ಅದು ಸಂಖ್ಯೆಯಿಂದ ಹೇಳುತ್ತದೆ.

ಹೆಸರು ಹೋದ ಮೇಲೆ ಬರುವ ಹೊಸ ಹೊರೆಯೆಂದರೆ ಸ್ಥಾನಾಂತರ. ಒಂದು ಉಕ್ತಿಯನ್ನು ಬಂಧಕವೊಂದರ ಒಳಕ್ಕೆ ಒಯ್ದಾಗ ಅದರ ಮುಕ್ತ ಚರಗಳ ಎಣಿಕೆ ಒಂದೊಂದು ಹೆಚ್ಚಬೇಕು, ಬದ್ಧ ಚರಗಳದು ಹೆಚ್ಚಬಾರದು. ಯಾವುದು ಮುಕ್ತ, ಯಾವುದು ಬದ್ಧ ಎಂಬುದನ್ನು ತಿಳಿಯಲು ಒಂದು ಗಡಿಸಂಖ್ಯೆಯನ್ನು ಇಟ್ಟುಕೊಂಡು, ಬಂಧಕವನ್ನು ದಾಟಿದಾಗಲೆಲ್ಲ ಅದನ್ನು ಒಂದರಷ್ಟು ಏರಿಸಬೇಕು. ಇಲ್ಲಿ ನನ್ನಿಂದ ಎರಡು ತಪ್ಪುಗಳಾದವು, ಎರಡನ್ನೂ ಹುಡುಕಲು ಬಹಳ ಹೊತ್ತು ಹಿಡಿಯಿತು.

ಮೊದಲನೆಯದು ‘ಪೈ’ಯಲ್ಲಿ. ‘ಪೈ (ಖ : ಅ). ಆ’ ಎಂಬ ಟೈಪಿನಲ್ಲಿ ಖ ಕಟ್ಟುವುದು ಆ ಭಾಗವನ್ನು ಮಾತ್ರ. ಅ ಭಾಗ ಬಂಧಕದ ಹೊರಗಿದೆ. ನಾನು ಗಡಿಯನ್ನು ಎರಡೂ ಭಾಗಗಳಿಗೆ ಏರಿಸಿದ್ದೆ. ಅ ಭಾಗದಲ್ಲಿ ಮುಕ್ತ ಚರಗಳಿಲ್ಲದಿರುವಷ್ಟು ಕಾಲ ಈ ತಪ್ಪು ಕಾಣುವುದಿಲ್ಲ, ನನ್ನ ಪರೀಕ್ಷೆಗಳಲ್ಲಿ ಬಹುಪಾಲು ಅಂಥವೇ ಇದ್ದವು. ‘ಪೈ (ಕ : ಟೈಪ್). ಪೈ (ಖ : ಕ). ಕ’ ಎಂಬ ಟೈಪಿನ ಒಳಗಿನ ಪೈ ಅನ್ನು ಸ್ಥಾನಾಂತರಿಸಿದಾಗ, ಅದರ ಅ ಭಾಗದಲ್ಲಿದ್ದ 0 ಎಂಬುದು 1 ಆಗದೆ ಹಾಗೆಯೇ ಉಳಿದು ಬೇರೆ ಚರವನ್ನು ಸೂಚಿಸತೊಡಗಿತು. ಸರಳ ಟೈಪ್‌ಗಳ ಲ್ಯಾಂಬ್ಡಾ ಕಲನಕ್ಕೆ ಚೆಕರ್ ಬರೆದು ಅಭ್ಯಾಸವಿದ್ದವರು ಇಲ್ಲಿ ಹೆಚ್ಚು ಎಚ್ಚರ ವಹಿಸಬೇಕು. ಅಲ್ಲಿ ಟೈಪ್‌ಗಳೊಳಗೆ ಚರಗಳೇ ಇರುವುದಿಲ್ಲ, ಆದುದರಿಂದ ಈ ಪ್ರಶ್ನೆ ಹುಟ್ಟುವುದೇ ಇಲ್ಲ.

ಎರಡನೆಯದು ಸಂದರ್ಭದಲ್ಲಿ, ಅಂದರೆ ಯಾವ ಚರಕ್ಕೆ ಯಾವ ಟೈಪ್ ಎಂದು ಬರೆದಿಡುವ ಪಟ್ಟಿಯಲ್ಲಿ. ‘ಕ : ಟೈಪ್, ಖ : ಕ’ ಎಂಬ ಸಂದರ್ಭವನ್ನು ಕಟ್ಟುವಾಗ ಖ ಎಂಬುದರ ಟೈಪನ್ನು ಬರೆದಿಟ್ಟದ್ದು ಕ ಒಂದೇ ಇದ್ದ ಕಾಲದಲ್ಲಿ, ಹಾಗಾಗಿ ಅದು 0. ಆಮೇಲೆ ಖ ಕೂಡ ಪಟ್ಟಿಗೆ ಸೇರಿದ ಮೇಲೆ 0 ಎಂದರೆ ಖ, 1 ಎಂದರೆ ಕ. ಪಟ್ಟಿಯಿಂದ ತೆಗೆದ ಟೈಪನ್ನು ಸ್ಥಾನಾಂತರಿಸದೆ ಬಳಸಿದ ಕಾರಣ ಚೆಕರ್ ‘ಖ : ಖ’ ಎಂದು ಮುದ್ರಿಸಿತು. ಚರವೊಂದು ತಾನೇ ತನ್ನ ಟೈಪ್ ಎಂದು ಹೇಳುವ ಆ ಸಾಲನ್ನು ಕಂಡಾಗ, ತಪ್ಪು ಟೈಪ್ ನಿಯಮಗಳಲ್ಲಿಲ್ಲ, ಪಟ್ಟಿಯನ್ನು ಓದುವಲ್ಲಿದೆ ಎಂಬುದು ಹೊಳೆಯಿತು. ಪಟ್ಟಿಯಿಂದ ಯಾವುದೇ ಇಂಡೆಕ್ಸಿನ ಚರವನ್ನು ತೆಗೆದಾಗ ಅದರ ಟೈಪನ್ನು ಆ ಸಂಖ್ಯೆಗಿಂತ ಒಂದು ಹೆಚ್ಚಿನಷ್ಟು ಸ್ಥಾನಾಂತರಿಸಬೇಕು.

ಮೇಲಿನಿಂದ ಎಣಿಸಿದರೆ

ಸರಿಪಡಿಸಿದ ಮೇಲೆ ಚೆಕರ್ ಸರಿಯಾದ ಉತ್ತರಗಳನ್ನೇ ಕೊಟ್ಟಿತು. ಆದರೆ ಸ್ಥಾನಾಂತರದ ಕರೆಗಳು ಪ್ರೋಗ್ರಾಮಿನ ಎಲ್ಲ ಮೂಲೆಗಳಿಗೂ ಹರಡಿದ್ದವು, ಅವುಗಳಲ್ಲಿ ಒಂದನ್ನು ಮರೆತರೂ ಮತ್ತೆ ‘ಖ : ಖ’ ಬಗೆಯ ತಪ್ಪು ಬರುವಂತಿತ್ತು. ತಿಯರಿ ಕೊಕಾಂ ಅವರು 1996ರಲ್ಲಿ ಪ್ರಕಟಿಸಿದ ಟೈಪ್ ಪರಿಶೀಲನೆಯ ವಿಧಾನ ನನ್ನ ನೆರವಿಗೆ ಬಂತು. ಅದರಂತೆ ಉಕ್ತಿಗಳನ್ನು ನೇರವಾಗಿ ಹೋಲಿಸುವುದಿಲ್ಲ. ಮೊದಲು ಅವುಗಳ ಬೆಲೆ ಕಟ್ಟಿ, ಬೆಲೆಗಳನ್ನು ಹೋಲಿಸುತ್ತಾರೆ. ಫಂಕ್ಷನ್ನಿನ ಬೆಲೆ ಒಂದು ಕ್ಲೋಷರ್. ಅದರಲ್ಲಿ ಫಂಕ್ಷನ್ನಿನ ಒಡಲೂ ಆಗಿನ ಚರಗಳ ಬೆಲೆಪಟ್ಟಿಯೂ ಇರುತ್ತವೆ. ಒಡಲಿನೊಳಗೆ ಹೋಗಿ ಆದೇಶಿಸುವ ಕೆಲಸವನ್ನೇ ಇದು ತಪ್ಪಿಸುತ್ತದೆ.

ಬೆಲೆಯೇ ಇಲ್ಲದ ಮುಕ್ತ ಚರವನ್ನು ಬೆಲೆಗಳ ಲೋಕದಲ್ಲಿ ಹೇಗೆ ಇಡುವುದು ಎಂಬುದಕ್ಕೆ ನಾನು ಲೆವೆಲ್ ಅನ್ನು ಆರಿಸಿಕೊಂಡೆ. ಇಂಡೆಕ್ಸ್ ಒಳಗಿನಿಂದ ಹೊರಕ್ಕೆ ಎಣಿಸಿದರೆ ಲೆವೆಲ್ ಹೊರಗಿನಿಂದ ಒಳಕ್ಕೆ ಎಣಿಸುತ್ತದೆ. ಇವೆರಡರ ವ್ಯತ್ಯಾಸವನ್ನು ವಂಶಾವಳಿಯಿಂದ ಸುಲಭವಾಗಿ ತಿಳಿಯಬಹುದು. ‘ಅಜ್ಜ’ ಎಂಬುದು ಮಾತನಾಡುವವನಿಂದ ಮೇಲಕ್ಕೆ ಎಣಿಸಿದ ಸ್ಥಾನ. ಮನೆಯಲ್ಲಿ ಹೊಸ ತಲೆಮಾರು ಹುಟ್ಟಿದರೆ ಅದೇ ವ್ಯಕ್ತಿ ಆ ಮಗುವಿಗೆ ಮುತ್ತಜ್ಜನಾಗುತ್ತಾನೆ. ‘ಮೂಲಪುರುಷನಿಂದ ಎರಡನೆಯ ತಲೆಮಾರಿನವನು’ ಎಂಬುದು ಮಾತ್ರ ಎಷ್ಟು ಮಕ್ಕಳು ಹುಟ್ಟಿದರೂ ಬದಲಾಗುವುದಿಲ್ಲ. ಹಾಗೆಯೇ ಸಂದರ್ಭಕ್ಕೆ ಹೊಸ ಚರ ಸೇರಿದಾಗ ಇಂಡೆಕ್ಸ್‌ಗಳೆಲ್ಲ ಸರಿಯಬೇಕು, ಲೆವೆಲ್‌ಗಳು ಇದ್ದಲ್ಲಿಯೇ ಇರುತ್ತವೆ. ಬೆಲೆಗಳನ್ನು ಲೆವೆಲ್‌ಗಳಿಂದ ಕಟ್ಟಿದ ದಿನ ಸ್ಥಾನಾಂತರದ ಫಂಕ್ಷನ್ನನ್ನು ಪೂರ್ತಿಯಾಗಿ ಅಳಿಸಿಹಾಕಿದೆ. ಈ ಇಡೀ ಕೆಲಸದಲ್ಲಿ ನನಗೆ ಅತ್ಯಂತ ಸಮಾಧಾನ ತಂದ ಬದಲಾವಣೆ ಅದೇ.

ಬೆಲೆಯನ್ನು ಮತ್ತೆ ಉಕ್ತಿಯಾಗಿ ಬರೆಯುವಾಗ ಲೆವೆಲ್ಲನ್ನು ಇಂಡೆಕ್ಸ್ ಆಗಿ ಪರಿವರ್ತಿಸಬೇಕು. ಸಂದರ್ಭದ ಆಳದಿಂದ ಲೆವೆಲ್ಲನ್ನು ಕಳೆದು ಇನ್ನೂ ಒಂದನ್ನು ಕಳೆದರೆ ಇಂಡೆಕ್ಸ್ ಬರುತ್ತದೆ: ಆಳ 5, ಲೆವೆಲ್ 1 ಇದ್ದರೆ ಇಂಡೆಕ್ಸ್ 3. ಫಂಕ್ಷನ್ನಿನ ಒಡಲನ್ನು ಬರೆಯುವಾಗ ಆಳವನ್ನು ಒಂದು ಹೆಚ್ಚಿಸಲು ನಾನು ಮರೆತಿದ್ದೆ. ಆಳ 5 ಇದ್ದಾಗ ಹೊಸ ಚರಕ್ಕೆ ಲೆವೆಲ್ 5 ಸಿಕ್ಕಿ, ಇಂಡೆಕ್ಸ್ −1 ಎಂದಾಯಿತು. ಋಣಸಂಖ್ಯೆ ಬಂದೊಡನೆ ಪ್ರೋಗ್ರಾಮು ನಿಲ್ಲುವಂತೆ ಒಂದು ಪರಿಶೀಲನೆಯನ್ನು ಮೊದಲೇ ಬರೆದಿದ್ದರಿಂದ ಈ ತಪ್ಪು ಕೆಲವೇ ನಿಮಿಷಗಳಲ್ಲಿ ಸಿಕ್ಕಿತು. ಇಂಡೆಕ್ಸ್ ಮತ್ತು ಲೆವೆಲ್ ಎರಡೂ ಬರಿಯ ಪೂರ್ಣಾಂಕಗಳಾಗಿದ್ದರೆ ಒಂದರ ಜಾಗದಲ್ಲಿ ಇನ್ನೊಂದನ್ನು ಬಳಸಿದರೂ ಓಕ್ಯಾಮಲ್ ಕಂಪೈಲರ್ ಸುಮ್ಮನಿರುತ್ತದೆ. ಎರಡಕ್ಕೂ ಬೇರೆ ಬೇರೆ ಟೈಪ್ ಮಾಡಿ, ಪರಿವರ್ತನೆಗೆ ಒಂದೇ ಒಂದು ಫಂಕ್ಷನ್ ಇಟ್ಟ ಮೇಲೆ ಅಂಥ ಅದಲುಬದಲು ಕಂಪೈಲ್ ಹಂತದಲ್ಲಿಯೇ ಸಿಕ್ಕಿಬೀಳುತ್ತಿದೆ. ಇದನ್ನು ಮೊದಲ ದಿನವೇ ಮಾಡಬೇಕಿತ್ತು.

ಬೇರೆ ದಾರಿಗಳೂ ಇವೆ. ಸಾಧನೆಗಳನ್ನು ಪರಿಶೀಲಿಸುವ ಲೀನ್ 4 ಎಂಬ ವ್ಯವಸ್ಥೆಯಲ್ಲಿ ಬದ್ಧ ಚರಕ್ಕೆ ಇಂಡೆಕ್ಸ್, ಮುಕ್ತ ಚರಕ್ಕೆ ಅನನ್ಯವಾದ ಗುರುತು ಇರುತ್ತದೆ. ಬಂಧಕದೊಳಗೆ ಹೋಗುವಾಗ ಬದ್ಧ ಚರವನ್ನು ಮುಕ್ತ ಚರವಾಗಿ ತೆರೆದು, ಹೊರಬರುವಾಗ ಮುಚ್ಚುತ್ತಾರೆ. ಈ ವಿಧಾನವನ್ನು ಕಾನರ್ ಮೆಕ್‌ಬ್ರೈಡ್ ಮತ್ತು ಜೇಮ್ಸ್ ಮೆಕಿನ್ನಾ 2004ರಲ್ಲಿ ವಿವರವಾಗಿ ಬರೆದಿದ್ದಾರೆ. ಮುಂದೆ ಉಕ್ತಿಯಲ್ಲಿ ಖಾಲಿ ಜಾಗ ಬಿಟ್ಟು ಚೆಕರ್‌ನಿಂದ ತುಂಬಿಸಿಕೊಳ್ಳುವ ಸೌಲಭ್ಯವನ್ನು ಸೇರಿಸುವಾಗ ಅದನ್ನು ಮತ್ತೆ ಪರಿಗಣಿಸುವೆ. ರಾಕ್, ಅಂದರೆ ಮೊದಲು ಕಾಕ್ ಎಂದು ಹೆಸರಿದ್ದ ಅಂಥದೇ ಇನ್ನೊಂದು ವ್ಯವಸ್ಥೆಯ ತಿರುಳು ಇಂಡೆಕ್ಸ್‌ಗಳನ್ನೇ ಬಳಸುತ್ತದೆ.

ಮತ್ತೆ ಹೆಸರಿನ ಕಡೆಗೆ

ಓದುವವರಿಗೆ ‘ಲ್ಯಾಂಬ್ಡಾ. ಲ್ಯಾಂಬ್ಡಾ. 1’ ಎಂದು ತೋರಿಸುವುದು ಸಲ್ಲದು. ಆದುದರಿಂದ ಪ್ರತಿ ಬಂಧಕದ ಜೊತೆಗೂ ಬರೆದವರು ಕೊಟ್ಟ ಹೆಸರನ್ನು ಸೂಚನೆಯಾಗಿ ಉಳಿಸಿಕೊಂಡೆ. ಅದರಿಂದ ಕೂಡಲೇ ಒಂದು ತಪ್ಪು ಹುಟ್ಟಿತು. ಪರೀಕ್ಷೆಗಳಲ್ಲಿ ಉಕ್ತಿಗಳನ್ನು ಹೋಲಿಸಲು ಓಕ್ಯಾಮಲ್‌ನ ಸಾಮಾನ್ಯ ಸಮಚಿಹ್ನೆಯನ್ನು ಬಳಸಿದ್ದೆ. ಅದು ಸೂಚನೆಯ ಹೆಸರನ್ನೂ ಸೇರಿಸಿ ಹೋಲಿಸುವುದರಿಂದ ‘ಲ್ಯಾಂಬ್ಡಾ ಕ. ಕ’ ಮತ್ತು ‘ಲ್ಯಾಂಬ್ಡಾ ಖ. ಖ’ ಬೇರೆ ಬೇರೆ ಎಂದಿತು. ಹೊರಗೆ ಹಾಕಿದ ಹೆಸರು ಸಮತೆಯ ಬಾಗಿಲಿನಿಂದ ಒಳಗೆ ಬಂದಿತ್ತು. ಈಗ ಸೂಚನೆಯನ್ನು ನೋಡದ ಹೋಲಿಕೆಯ ಫಂಕ್ಷನ್ನನ್ನು ಬೇರೆಯಾಗಿ ಬರೆದಿದ್ದೇನೆ.

ಮುದ್ರಣದಲ್ಲಿಯೂ ಸೆರೆಯ ದೋಷ ಮರುಕಳಿಸಬಹುದು. ಎರಡು ಬಂಧಕಗಳಿಗೂ ಕ ಎಂಬ ಸೂಚನೆಯಿರುವ ‘ಲ್ಯಾಂಬ್ಡಾ. ಲ್ಯಾಂಬ್ಡಾ. 1’ ಅನ್ನು ‘ಲ್ಯಾಂಬ್ಡಾ ಕ. ಲ್ಯಾಂಬ್ಡಾ ಕ. ಕ’ ಎಂದು ಮುದ್ರಿಸಿದರೆ, ಓದುವವರು ಒಳಗಿನ ಕ ಎಂದೇ ತಿಳಿಯುತ್ತಾರೆ. ಒಳಗಿನ ಬಂಧಕದ ಹೆಸರು ಹೊರಗಿನ ಯಾವ ಚರದ ಹೆಸರನ್ನು ಮರೆಮಾಡುತ್ತದೆಯೋ ಆ ಚರ ಒಡಲಿನಲ್ಲಿ ನಿಜವಾಗಿ ಬಳಕೆಯಾಗಿದ್ದರೆ ಮಾತ್ರ ಒಳಗಿನದಕ್ಕೆ ಕ1 ಎಂದು ಅಂಕೆ ಸೇರಿಸುತ್ತೇನೆ. ಇಲ್ಲದಿದ್ದರೆ ಬರೆದವರ ಹೆಸರನ್ನು ಹಾಗೆಯೇ ಬಿಡುತ್ತೇನೆ. ಮುದ್ರಿಸಿದ್ದನ್ನು ಮತ್ತೆ ಓದಿಸಿದರೆ ಮೊದಲಿನ ಉಕ್ತಿಯೇ ಬರಬೇಕೆಂಬುದು ಇದಕ್ಕೆ ನಾನಿಟ್ಟ ಪರೀಕ್ಷೆ.

ಕೊನೆಯ ದೋಷ ಕನ್ನಡ ಲಿಪಿಯದು. ‘ಕೊನೆ’ ಎಂಬ ಹೆಸರಿನ ಚರವನ್ನು ಒಂದು ಕಡತದಲ್ಲಿ ವ್ಯಾಖ್ಯಾನಿಸಿ ಇನ್ನೊಂದರಲ್ಲಿ ಬಳಸಿದಾಗ, ‘ಕೊನೆ’ ಎಂಬ ಚರವೇ ಇಲ್ಲವೆಂದು ಚೆಕರ್ ಹೇಳಿತು. ಪರದೆಯ ಮೇಲೆ ಎರಡೂ ಒಂದೇ. ಯೂನಿಕೋಡ್‌ನಲ್ಲಿ ಒತ್ವದ ಚಿಹ್ನೆಯನ್ನು ಒಂದೇ ಸಂಕೇತವಾಗಿಯೂ ಬರೆಯಬಹುದು, ಎತ್ವದ ಚಿಹ್ನೆ ಮತ್ತು ಊಕಾರದ ಚಿಹ್ನೆಗಳ ಜೋಡಿಯಾಗಿಯೂ ಬರೆಯಬಹುದು. ಇವೆರಡೂ ಸಮಾನವೆಂದು ಯೂನಿಕೋಡ್ ಹೇಳುತ್ತದೆ. ಆದರೆ ಸಂಕೇತಗಳನ್ನು ಬೈಟ್‌ಗಳಾಗಿ ಬರೆದಿಡುವ ಯುಟಿಎಫ್-8 ಪದ್ಧತಿಯಲ್ಲಿ ಮೊದಲನೆಯದು 3 ಬೈಟ್, ಎರಡನೆಯದು 6 ಬೈಟ್, ಓಕ್ಯಾಮಲ್ ಸ್ಟ್ರಿಂಗ್‌ಗಳನ್ನು ಹೋಲಿಸುವುದು ಬೈಟ್‌ಗಳಿಂದ. ಓತ್ವವನ್ನು ಮೂರು ಸಂಕೇತಗಳಾಗಿಯೂ ಬಿಡಿಸಿ ಬರೆಯಲು ಸಾಧ್ಯ. ಕಡತವನ್ನು ಓದುವ ಹಂತದಲ್ಲಿ ಎಲ್ಲ ಹೆಸರುಗಳನ್ನೂ ಯೂನಿಕೋಡ್‌ನ ಜೋಡಿಸಿದ ಪ್ರಮಾಣರೂಪಕ್ಕೆ ತಂದು ಇದನ್ನು ಸರಿಪಡಿಸಿದೆ. ‘ಸಾಫ್ಟ್‌ವೇರ್’ ಎಂಬಂಥ ಪದಗಳಲ್ಲಿ ಒತ್ತಕ್ಷರವಾಗುವುದನ್ನು ತಡೆಯಲು ಬಳಸುವ ಅಗೋಚರ ಸಂಕೇತವನ್ನು ಆ ಪ್ರಮಾಣರೂಪ ತೆಗೆದುಹಾಕುವುದಿಲ್ಲ. ಅದು ಪದದ ಕೊನೆಯಲ್ಲಿ ಬಂದರೆ ಕಣ್ಣಿಗೆ ಏನೂ ಕಾಣದೆ ಹೆಸರು ಮಾತ್ರ ಬೇರೆಯಾಗುತ್ತದೆ. ಹಾಗಾಗಿ ಅರ್ಧಾಕ್ಷರದ ನಂತರ, ವ್ಯಂಜನದ ಮುಂಚೆ ಬಂದಾಗ ಮಾತ್ರ ಅದನ್ನು ಒಪ್ಪುವಂತೆ ಮಾಡಿದ್ದೇನೆ. ಹೆಸರುಗಳು ಉಕ್ತಿಗಳ ಒಳಗೆಲ್ಲ ಹರಡಿದ್ದ ಮೊದಲ ರೂಪದಲ್ಲಿ ಹೊಸ ಹೆಸರು ಹುಟ್ಟುವ, ಹೋಲಿಕೆ ನಡೆಯುವ ಜಾಗಗಳನ್ನೆಲ್ಲ ಇದಕ್ಕಾಗಿ ಹುಡುಕಬೇಕಾಗುತ್ತಿತ್ತು. ಈಗ ಬದ್ಧ ಚರದ ಹೆಸರು ಇಂಡೆಕ್ಸ್ ಆಗುವ ಒಂದೇ ಬಾಗಿಲಿನಲ್ಲಿ ಈ ಕೆಲಸ ಮುಗಿಯಿತು.

ಸೇತುವೆಯ ಕಡತವನ್ನು ಪರೀಕ್ಷೆಗಳಲ್ಲಿ ಮೊದಲನೆಯದಾಗಿ ಉಳಿಸಿಕೊಂಡಿದ್ದೇನೆ. ಇಂದು ಅದನ್ನು ಕೊಟ್ಟರೆ ಚೆಕರ್ ಮೂರನೆಯ ಲ್ಯಾಂಬ್ಡಾದ ಒಡಲಿನಲ್ಲಿ ನಿಂತು, ‘ಮ ಎಂಬುದರ ಟೈಪ್ ಗ; ಇಲ್ಲಿ ಬೇಕಾದದ್ದು ಖ’ ಎಂದು ನಾನು ಬರೆದ ಹೆಸರುಗಳಲ್ಲಿಯೇ ತಿಳಿಸುತ್ತದೆ.